ಎಳೆಯ ಮನಸ್ಸಿನ ಬ್ಯಾನಿ ಮತ್ತು ಸೆರೆ: ಬೆಳಗಾವಿ–ಖಾನಾಪುರ ಸೀಮೆಯ ಒಂದು ಸಾಂಸ್ಕೃತಿಕ ಚರಿತ್ರೆ

ಕುಡಿತದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅಂಗಡಿಯಿಂದ ಆರಂಭಿಸಿದ್ದಾರೆ. ಗುತ್ತಿಗೆ, ಲಿಲಾವು, ಸುಂಕ, ಪಿಕೆಟಿಂಗ್, ಪಾನನಿಷೇಧ, ಪರವಾನಿಗೆ ಇವೇ ಆ ಚರಿತ್ರೆಯ ಅಧ್ಯಾಯಗಳು. ಕುಡುಕನು ಈ ಬರವಣಿಗೆಯೊಳಕ್ಕೆ ಕಾಲಿಡುವ ಹೊತ್ತಿಗೆ ನಡುವಯಸ್ಸಿನವನಾಗಿರುತ್ತಾನೆ. ಹೊಲ ಅಡವಿಟ್ಟಿರುತ್ತಾನೆ, ಹೆಂಡತಿಯ ಬೋರಮಾಳ ಮಾರಿರುತ್ತಾನೆ. ಅದೇ ಮನುಷ್ಯ ಹದಿನಾಲ್ಕು ಹದಿನೈದರ ಹುಡುಗನಾಗಿದ್ದಾಗ ಅವನ ಮನಸ್ಸು ಯಾವ ಸ್ಥಿತಿಯಲ್ಲಿತ್ತು ಎಂಬ ಪ್ರಶ್ನೆಯನ್ನು ಅಬಕಾರಿ ಕಡತಗಳಾಗಲಿ ಪಾನನಿರೋಧ ಚಳವಳಿಯ ಭಾಷಣಗಳಾಗಲಿ ಕೇಳಿದ್ದು ವಿರಳ. ಹರೆಯದ ಖಿನ್ನತೆ, ಕಳವಳಗಳಿಗೂ ಮುಂದಿನ ವಯಸ್ಸಿನ ಮದ್ಯವ್ಯಸನಕ್ಕೂ ಇರುವ ನಂಟು ಮನೋವೈದ್ಯಶಾಸ್ತ್ರದಲ್ಲಿ ನಾಲ್ಕು ದಶಕಗಳಿಂದ ಚರ್ಚೆಯಾಗುತ್ತಿರುವ ವಿಷಯ. ಜನಪದ ಅಧ್ಯಯನಕ್ಕೆ ಅದು ದೂರದ ವಿಷಯವೆಂದು ತೋರಬಹುದು. ಆದರೆ ದುಃಖವನ್ನು ಒಂದು ಸಮುದಾಯ ಯಾವ ಮಾತಿನಲ್ಲಿ ಹೇಳುತ್ತದೆ, ಯಾರಿಗೆ ಹೇಳಲು ಬಿಡುತ್ತದೆ, ಯಾರಿಗೆ ಬಿಡುವುದಿಲ್ಲ ಎಂಬುದು ಜನಪದ ಅಧ್ಯಯನದ ಮೂಲ ಪ್ರಶ್ನೆಗಳಲ್ಲೊಂದು. ಪ್ರಸ್ತುತ ಲೇಖನದಲ್ಲಿ ಬೆಳಗಾವಿ ನಗರ ಮತ್ತು ಅದರ ದಕ್ಷಿಣಕ್ಕಿರುವ ಖಾನಾಪುರ ತಾಲೂಕನ್ನು ಆಧಾರವಾಗಿಟ್ಟುಕೊಂಡು ಈ ನಂಟನ್ನು ಚರಿತ್ರೆಯ ಬೆಳಕಿನಲ್ಲಿ ಪರಿಶೀಲಿಸಲಾಗಿದೆ.

ಈ ಸೀಮೆಯ ಆಯ್ಕೆ ಆಕಸ್ಮಿಕವಲ್ಲ. ಖಾನಾಪುರ ತಾಲೂಕಿನ ಪೂರ್ವಭಾಗ ಬಯಲುಸೀಮೆಗೆ ತಾಗಿದ್ದರೆ ಪಶ್ಚಿಮಭಾಗ ಸಹ್ಯಾದ್ರಿಯ ದಟ್ಟ ಕಾಡು. ಮಲಪ್ರಭೆ ಹುಟ್ಟುವ ಕಣಕುಂಬಿ, ಭೀಮಗಡದ ಅರಣ್ಯ, ಜಾಂಬೋಟಿ, ಲೋಂಡಾ ಇವೆಲ್ಲ ಗೋವೆಗೆ ಬೆನ್ನು ಹತ್ತಿಸಿಕೊಂಡ ಊರುಗಳು. ಇಲ್ಲಿ ಕನ್ನಡ, ಮರಾಠಿ, ಕೊಂಕಣಿಗಳು ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಕುಡಿತಕ್ಕೂ ಇಲ್ಲಿ ಮೂರು ನುಡಿಗಳ ಹೆಸರುಗಳಿವೆ: ಬಯಲಿನವರ ಸೆರೆ, ಮರಾಠಿಯವರ ದಾರು, ಘಟ್ಟದಂಚಿನವರ ಸೊರೊ. ಬೆಳಗಾವಿಯಾದರೋ ದಂಡಿನ ಊರು, ಶಾಲೆ ಕಾಲೇಜುಗಳ ಊರು, ಎರಕದ ಕಾರ್ಖಾನೆಗಳ ಊರು. ಖಾನಾಪುರದ ಹುಡುಗರು ಓದಿಗೆ ಅಲ್ಲಿಗೆ ಹೋಗುತ್ತಾರೆ. ಓದು ತಪ್ಪಿದರೆ ದುಡಿಮೆಗೆ ಉದ್ಯಮಬಾಗಕ್ಕೋ ಘಟ್ಟದ ಕೆಳಗಿನ ಗೋವೆಗೋ ಹೋಗುತ್ತಾರೆ.

ಬ್ಯಾನಿಯ ಮಾತು

ಖಿನ್ನತೆ ಎಂಬುದು ಪಠ್ಯಪುಸ್ತಕದ ಶಬ್ದ. ಈ ಭಾಗದ ಆಡುನುಡಿಯಲ್ಲಿ ಅದಕ್ಕೆ ನೇರ ಸಮಾನಪದವಿಲ್ಲ. ಬದಲಾಗಿ ಒಂದು ಗುಂಪು ಶಬ್ದಗಳಿವೆ. ಚಿಂತಿ, ಬ್ಯಾಸರ, ಹಳಹಳಿ, ಮಂಕು, ಎದೆಗುದಿ, ಅಂಜಿಕಿ ಇವು ಒಂದಕ್ಕೊಂದು ತಾಗಿಕೊಂಡಿದ್ದರೂ ಒಂದೇ ಅಲ್ಲ. ಹಳಹಳಿಗೆ ಕಳೆದುಹೋದದ್ದೊಂದು ಇರಬೇಕು. ಬ್ಯಾಸರಕ್ಕೆ ಕಾರಣವೇ ಬೇಕಾಗಿಲ್ಲ. ಚಿಂತಿಗೆ ಮುಖ ಮುಂದಕ್ಕಿದ್ದರೆ ಮಂಕಿಗೆ ಮುಖವೇ ಇಲ್ಲ. ಮರಾಠಿಯಿಂದ ಬಂದ ಕಾಳಜಿ ಎಂಬ ಶಬ್ದದ ಪಾಡು ಇನ್ನೂ ಕುತೂಹಲಕರವಾದುದು. ಮರಾಠಿಯಲ್ಲಿ ಅದು ಆತಂಕ ಮತ್ತು ಅಕ್ಕರೆ ಎರಡನ್ನೂ ಸೂಚಿಸುತ್ತದೆ. ಕನ್ನಡಕ್ಕೆ ಬರುವಾಗ ಅಕ್ಕರೆಯ ಅರ್ಥ ಗಟ್ಟಿಯಾಗಿ ಆತಂಕದ ಅರ್ಥ ಸವೆದುಹೋಗಿದೆ. ಖಾನಾಪುರದಂಥ ಎರಡು ನುಡಿಯ ಊರಿನಲ್ಲಿ ಒಬ್ಬ ತಾಯಿ ಮಗನ ಕಾಳಜಿಯ ಬಗ್ಗೆ ಮಾತನಾಡಿದರೆ ಅದು ಅವಳ ಅಕ್ಕರೆಯೋ, ಅವಳ ಆತಂಕವೋ, ಅಥವಾ ಮಗನದೇ ಆತಂಕವೋ ಎಂಬುದು ಕೇಳುವವನು ಯಾವ ನುಡಿಯವನು ಎಂಬುದನ್ನು ಅವಲಂಬಿಸಿದೆ.

ಇದಕ್ಕಿಂತ ಮುಖ್ಯವಾದುದು, ಮನಸ್ಸಿನ ಬೇನೆ ಇಲ್ಲಿ ಬಹಳ ಸಲ ಮೈಯ ಬೇನೆಯಾಗಿ ಹೇಳಲ್ಪಡುತ್ತದೆ ಎಂಬ ಸಂಗತಿ. ತಲಿ ಭಾರ, ಎದಿ ಹಾರುವುದು, ಕೈಕಾಲು ಸೋತುಬರುವುದು, ಹೊಟ್ಟೆಯಲ್ಲಿ ಸಂಕಟ ಎಂಬ ಮಾತುಗಳ ಹಿಂದೆ ಏನಿದೆ ಎಂಬುದನ್ನು ಬಲ್ಲವರು ಮಾತ್ರ ಬಲ್ಲರು. ಬೆಂಗಳೂರಿನ ನಿಮ್ಹಾನ್ಸ್‌ನ ರಘುರಾಮ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದರ ಒಳಗುಟ್ಟನ್ನು ತೋರಿಸಿತು. ದಕ್ಷಿಣ ಭಾರತದ ರೋಗಿಗಳಿಗೆ ಮೈನೋವು ಎಲ್ಲರಿಗೂ ಬರುವಂಥದ್ದು, ಅದನ್ನು ಹೇಳಿಕೊಂಡರೆ ನಾಚಿಕೆಯಿಲ್ಲ. ಮನಸ್ಸಿನ ದುಃಖವನ್ನು ಹೇಳಿಕೊಂಡರೆ ಮಾನಕ್ಕೆ ಕುಂದು, ಮದುವೆಗೆ ಅಡ್ಡಿ. ಹೀಗಾಗಿ ಮೈಯ ಮಾತು ಅಜ್ಞಾನದ ಗುರುತಲ್ಲ, ಅದೊಂದು ಲೆಕ್ಕಾಚಾರ.

ಈ ಲೆಕ್ಕಾಚಾರ ಹೆಣ್ಣಿಗೂ ಗಂಡಿಗೂ ಒಂದೇ ಆಗಿರಲಿಲ್ಲ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಎಳೆಯ ದುಃಖವನ್ನು ಹೊರಹಾಕಲು ಸಮುದಾಯವೇ ಒಪ್ಪಿದ ಕೆಲವು ದಾರಿಗಳಿದ್ದವು. ಮೊದಲನೆಯದು ಬೀಸುಕಲ್ಲು. 1931ರಲ್ಲಿ ಹಲಸಂಗಿ ಗೆಳೆಯರು ಪ್ರಕಟಿಸಿದ ‘ಗರತಿಯ ಹಾಡು’ ಸಂಕಲನವನ್ನು ತವರಿನ ಪ್ರೀತಿಯ ಕಾವ್ಯವೆಂದು ಓದುವುದೇ ರೂಢಿ. ಆ ಹಾಡುಗಳನ್ನು ಕಟ್ಟಿದ ಕಾಲದಲ್ಲಿ ಅತ್ತೆಮನೆ ಸೇರುತ್ತಿದ್ದವರ ವಯಸ್ಸನ್ನು ನೆನಪಿಟ್ಟುಕೊಂಡು ಓದಿದರೆ ಅದು ಹದಿಹರೆಯದ ಹುಡುಗಿಯರ ಒಂಟಿತನ ಮತ್ತು ಅಂಜಿಕೆಗಳ ದಾಖಲೆಯೂ ಆಗುತ್ತದೆ. ಬಾಲ್ಯವಿವಾಹವನ್ನು ತಡೆಯುವ ಶಾರದಾ ಕಾಯಿದೆ ಬಂದದ್ದು 1929ರಲ್ಲಿ. ಎರಡನೆಯದು ಗಾಳಿ ಸೋಕುವುದು, ಮೈಮೇಲೆ ಬರುವುದು. ಗಾಳಿ ಸೋಕಿದ ಹುಡುಗಿಯನ್ನು ಮನೆಯವರೆಲ್ಲ ಕೂಡಿ ದೇವರ ಮುಂದೆ ಕೂಡ್ರಿಸುತ್ತಾರೆ, ಏನು ಬೇಕೆಂದು ಕೇಳುತ್ತಾರೆ, ಅವಳು ಹೇಳಿದ್ದನ್ನು ಕೇಳಿಸಿಕೊಳ್ಳುತ್ತಾರೆ. ಅಲ್ಲಿ ಕ್ರೌರ್ಯವೂ ಇತ್ತು, ಬೇವಿನ ಬರಲಿನ ಏಟೂ ಇತ್ತು, ಅದನ್ನು ವೈಭವೀಕರಿಸಬೇಕಾಗಿಲ್ಲ. ಆದರೂ ಬೇನೆಗೊಂದು ಹೆಸರು, ಒಂದು ವೇಳೆ, ಒಂದು ಸಭೆ ದೊರೆಯುತ್ತಿತ್ತು.

ಗಂಡುಹುಡುಗನಿಗೆ ಇವೆರಡೂ ಇರಲಿಲ್ಲ. ಮೈನೆರೆದ ಹುಡುಗಿಗೆ ಆರತಿ, ಹಾಡು, ಉಡಿ ತುಂಬುವ ಶಾಸ್ತ್ರಗಳಿದ್ದರೆ, ದನಿ ಒಡೆದ ಹುಡುಗನಿಗೆ ಯಾವ ಶಾಸ್ತ್ರವೂ ಇಲ್ಲ. ಗಂಡಸರ ಹಾಡಿನ ಪ್ರಕಾರಗಳಾದ ಹಂತಿಪದ, ಡೊಳ್ಳಿನ ಹಾಡು, ಲಾವಣಿ, ಹರದೇಶಿ–ನಾಗೇಶಿಯ ಗೀಗೀ ಮೇಳ ಇವೆಲ್ಲ ಬಯಲಲ್ಲಿ, ಸವಾಲಿನಲ್ಲಿ, ಹತ್ತು ಜನರ ನಡುವೆ ಹಾಡುವಂಥವು. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಲಾವಣಿ ಈ ಸೀಮೆಯ ಹುಡುಗರ ಎದೆಯನ್ನು ಉಬ್ಬಿಸಿತು. ಕುಗ್ಗಿದ ಎದೆಗೆ ಆ ಪ್ರಕಾರದಲ್ಲಿ ಜಾಗವಿರಲಿಲ್ಲ. ಅಚ್ಚಾದ ಜನಪದ ಸಂಕಲನಗಳಲ್ಲಿ ಹದಿನೈದರ ಹುಡುಗನೊಬ್ಬ ತನ್ನ ಮಂಕಿನ ಬಗ್ಗೆ ತಾನೇ ಹೇಳಿಕೊಳ್ಳುವ ಹಾಡು ಹುಡುಕಿದರೂ ಸಿಗುವುದು ಕಷ್ಟ. ಅವನಿಗೆ ದೊರೆತ ಮಾತು ಒಂದೇ: ಗಂಡಸಾಗಿ ಅಳಬೇಡ. ಆ ಮಾತಿನ ಬೆನ್ನಿಗೇ ದೊರೆತ ವಸ್ತುವೂ ಒಂದೇ.

1878ರ ಎರಡು ಕಾಯಿದೆಗಳು

ಸೆರೆ ಈ ಸೀಮೆಗೆ ಹೊರಗಿನಿಂದ ಬಂದುದಲ್ಲ. ಘಟ್ಟದಂಚಿನಲ್ಲಿ ಬಗನಿ ಮರದ ಹೆಂಡ, ಬಯಲಲ್ಲಿ ಈಚಲ ಹೆಂಡ, ಗೋವೆಯ ಕಡೆಯಿಂದ ಗೇರುಹಣ್ಣಿನ ಉರಾಕ ಮತ್ತು ಫೆಣಿ ಹಿಂದಿನಿಂದಲೂ ಬಳಕೆಯಲ್ಲಿದ್ದವು. ಕೊಂಕಣ ಮತ್ತು ಗೋವೆಯ ಅಂಚಿನ ಗ್ರಾಮಗಳಲ್ಲಿ ಊರು ಕಾಯುವ ದೇವಚಾರನಿಗೆ ಸೊರೆಯ ಎಡೆಯುಂಟು. ಸಿದ್ದಿಯರ ಹಿರಿಯರ ಪೂಜೆಯಲ್ಲಿಯೂ ಅದಕ್ಕೆ ಸ್ಥಾನವಿದೆ. ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2020ರ ಕಾಯಿದೆಯಿಂದ. ಅವರ ಬದುಕನ್ನು ಕುರಿತ ಸರಕಾರಿ ಟಿಪ್ಪಣಿಗಳಲ್ಲಿ ಕುಡಿತದ ಪ್ರಸ್ತಾಪ ಬರುವಷ್ಟು ಸಲೀಸಾಗಿ ಆ ಪೂಜೆಯ ಕಟ್ಟಳೆಗಳ ಪ್ರಸ್ತಾಪ ಬರುವುದಿಲ್ಲ. ಆಚರಣೆಯ ಕುಡಿತಕ್ಕೆ ತಿಥಿಯಿದೆ, ಅಳತೆಯಿದೆ, ಮೊದಲ ಹನಿ ಯಾರಿಗೆ ಎಂಬ ಕ್ರಮವಿದೆ. ಮುಖ್ಯವಾಗಿ ಅದು ಒಂಟಿಯಾಗಿ ನಡೆಯುವಂಥದ್ದಲ್ಲ. ಒಬ್ಬನೇ ಕೂತು, ನಿದ್ದೆ ಬರಲೆಂದು, ಎದೆಬಡಿತ ತಗ್ಗಲೆಂದು ಕುಡಿಯುವುದು ಬೇರೆಯೇ ಜಾತಿಯ ಕ್ರಿಯೆ. ವೈದ್ಯರ ಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ಸಹಪಾನ, ಎರಡನೆಯದು ಸ್ವಯಂಚಿಕಿತ್ಸೆ.

ಮೊದಲನೆಯದು ಕುಗ್ಗಿ ಎರಡನೆಯದಕ್ಕೆ ದಾರಿಯಾದ ಬಗೆಯನ್ನು ತಿಳಿಯಲು 1878ನೆಯ ವರ್ಷವನ್ನು ಗಮನಿಸಬೇಕು. ಅದೇ ವರ್ಷ ಮುಂಬಯಿ ಅಬಕಾರಿ ಕಾಯಿದೆಯೂ ಭಾರತೀಯ ಅರಣ್ಯ ಕಾಯಿದೆಯೂ ಬಂದವು. ಒಂದು ಕಾಯಿದೆ ಮನೆಯಲ್ಲಿ ಭಟ್ಟಿ ಇಳಿಸುವುದನ್ನು, ತೆರಿಗೆ ಕಟ್ಟದೆ ಮರ ಕೆತ್ತುವುದನ್ನು ಅಪರಾಧವಾಗಿಸಿ, ಮದ್ಯವನ್ನು ಗುತ್ತಿಗೆದಾರನ ಅಂಗಡಿಗೆ ಸಾಗಿಸಿತು. ಇನ್ನೊಂದು ಕಾಯಿದೆ ಕುಮರಿ ಬೇಸಾಯ ಮತ್ತು ದನ ಮೇಯಿಸುವ ಹಕ್ಕುಗಳ ಮೇಲೆ ಆಗಲೇ ಬಿದ್ದಿದ್ದ ನಿರ್ಬಂಧಗಳನ್ನು ಬಿಗಿಗೊಳಿಸಿತು. ಖಾನಾಪುರದ ಕಾಡಂಚಿನ ಕುಟುಂಬಕ್ಕೆ ಇದರ ಫಲವೆಂದರೆ ಕಾಡಿನಿಂದ ಕೂಲಿಗೆ, ಮನೆಯ ಮಡಕೆಯಿಂದ ಅಂಗಡಿಯ ಬಾಟಲಿಗೆ ಸರಿಯುವುದು. 1884ರಲ್ಲಿ ಪ್ರಕಟವಾದ ಬೆಳಗಾಂ ಜಿಲ್ಲಾ ಗ್ಯಾಸೆಟಿಯರು ಅಬಕಾರಿಯನ್ನು ಆದಾಯದ ಬಾಬುಗಳ ಸಾಲಿನಲ್ಲಿ ಇಟ್ಟಿತು. ಅಂದಿನಿಂದ ಮುಂದಕ್ಕೆ ಆಡಳಿತದ ಕಣ್ಣಿಗೆ ಸೆರೆ ಎಂದರೆ ಹುಟ್ಟುವಳಿ. 1888ರಲ್ಲಿ ಲೋಂಡಾ ಮಾರ್ಗವಾಗಿ ಮುರಗಾಂವ ಬಂದರಿಗೆ ರೈಲು ಕೂಡಿದ ಮೇಲೆ ಕೂಲಿಯೂ ಬಾಟಲಿಯೂ ಇನ್ನಷ್ಟು ವೇಗವಾಗಿ ಓಡಾಡತೊಡಗಿದವು.

ಕಾರಣದ ಕಾಲಂ

ಬೆಳಗಾವಿ ಸೀಮೆಯಲ್ಲಿ ಬುದ್ಧಿ ಕೆಟ್ಟವರೆಂದು ಪೊಲೀಸರು ಹಿಡಿದವರನ್ನು ಕಳಿಸುತ್ತಿದ್ದುದು ಧಾರವಾಡದ ಹುಚ್ಚಾಸ್ಪತ್ರೆಗೆ. 1845ರಲ್ಲಿ ಆರಂಭವಾದ ಆ ಆಸ್ಪತ್ರೆಯೇ ಹಲವು ರೂಪಾಂತರಗಳನ್ನು ಹೊಂದಿ ಇಂದಿನ ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಗಿದೆ. ವಸಾಹತು ಕಾಲದ ಹುಚ್ಚಾಸ್ಪತ್ರೆಗಳ ದಾಖಲೆಯಲ್ಲಿ ಪ್ರತಿ ರೋಗಿಯ ಹೆಸರಿನ ಮುಂದೆ ಹುಚ್ಚಿನ ಕಾರಣವೇನೆಂಬ ಒಂದು ಕಾಲಂ ಇರುತ್ತಿತ್ತು. ಈ ಲೇಖನದ ವಿಷಯಕ್ಕೆ ಸಂಬಂಧಿಸಿದಂತೆ ಆ ಕಾಲಮ್ಮಿನ ಕಥೆ ಬೋಧಪ್ರದವಾಗಿದೆ.

1893–94ರಲ್ಲಿ ಭಾರತೀಯ ಗಾಂಜಾ ಆಯೋಗವು ದೇಶದ ಹುಚ್ಚಾಸ್ಪತ್ರೆಗಳ ದಾಖಲೆಗಳನ್ನು ಕೂಲಂಕಷವಾಗಿ ಪರೀಕ್ಷಿಸಿತು. ಮುಂಬಯಿ ಪ್ರಾಂತದ ಆಸ್ಪತ್ರೆಗಳ ಪೈಕಿ ಧಾರವಾಡವೂ ಒಂದು. ಗಾಂಜಾ ಸೇವನೆ ಹುಚ್ಚಿಗೆ ಕಾರಣವೆಂದು ದಾಖಲೆಗಳು ಹೇಳುತ್ತಿದ್ದವು. ಆಯೋಗವು 1892ರಲ್ಲಿ ದಾಖಲಾದವರ ಪ್ರಕರಣಗಳನ್ನು ಒಂದೊಂದಾಗಿ ಮರುಪರಿಶೀಲಿಸಿದಾಗ ಕಂಡದ್ದು ಬೇರೆ. ಕಾರಣವನ್ನು ತುಂಬಿದ್ದು ವೈದ್ಯರ ವಿವೇಚನೆಯಲ್ಲ, ಪೊಲೀಸರು ಕಳಿಸಿದ ಕಾಗದ. ವ್ಯಕ್ತಿಗೆ ಆ ಚಟವಿದೆ ಎಂದು ಗೊತ್ತಾದರೆ ಸಾಕು, ಅದೇ ಕಾರಣವೆಂದು ಗುಮಾಸ್ತನು ಬರೆಯುತ್ತಿದ್ದ. ಚಟಕ್ಕಿಂತ ಮೊದಲೇ ಆ ಮನುಷ್ಯನ ಮನಸ್ಸು ಕದಡಿತ್ತೇ, ಕದಡಿದ್ದರಿಂದಲೇ ಚಟ ಅಂಟಿತೇ ಎಂಬುದನ್ನು ಆ ಕಾಲಮ್ಮಿನಲ್ಲಿ ಬರೆಯಲು ಜಾಗವಿರಲಿಲ್ಲ. ಆಯೋಗದ ವಿಚಾರಣೆ ಗಾಂಜಾಕ್ಕೆ ಸಂಬಂಧಿಸಿದ್ದು, ಸೆರೆಗಲ್ಲ. ಆದರೆ ಅದು ಎತ್ತಿತೋರಿದ ದೋಷ ಎರಡಕ್ಕೂ ಸಮಾನ: ಕೊನೆಯಲ್ಲಿ ಕಂಡದ್ದನ್ನು ಮೊದಲಿನ ಕಾರಣವೆಂದು ಬರೆಯುವುದು.

ಸಾಹಿತ್ಯವು ಈ ವಿಷಯದಲ್ಲಿ ದಾಖಲೆಗಳಿಗಿಂತ ಮುಂದಿತ್ತು ಎನ್ನಬೇಕು. ರಾಮ ಗಣೇಶ ಗಡಕರಿಯವರ ಮರಾಠಿ ನಾಟಕ ‘ಏಕಚ್ ಪ್ಯಾಲಾ’ 1919ರಲ್ಲಿ ರಂಗಕ್ಕೆ ಬಂತು. ಮರಾಠಿ ಸಂಗೀತ ರಂಗಭೂಮಿಗೆ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಇದೇ ಜಿಲ್ಲೆಯ ಗುರ್ಲಹೊಸೂರಿನವರು. ಬೆಳಗಾವಿಯ ಪ್ರೇಕ್ಷಕನಿಗೆ ಆ ರಂಗಭೂಮಿ ಪರಕೀಯವಾಗಿರಲಿಲ್ಲ. ನಾಟಕದ ಸುಧಾಕರ ಬುದ್ಧಿವಂತ ವಕೀಲ. ನ್ಯಾಯಾಲಯದಲ್ಲಿ ಆದ ಅವಮಾನದಿಂದ ಕುದಿಯುತ್ತಿರುವಾಗ ತಳಿರಾಮನು ಚಿಂತೆ ಮರೆಯುವ ಔಷಧವೆಂದು ಮೊದಲ ಪ್ಯಾಲೆಯನ್ನು ಅವನ ಕೈಗೆ ಕೊಡುತ್ತಾನೆ. ಕುಡಿತಕ್ಕಿಂತ ಮುಂಚೆ ಒಂದು ಬೇನೆ ಇತ್ತೆಂಬುದನ್ನು ಗಡಕರಿಯವರು ಸ್ಪಷ್ಟವಾಗಿಯೇ ತೋರಿಸಿದ್ದಾರೆ. ಆದರೆ ನಾಟಕದ ಹೆಸರು ಪ್ಯಾಲೆಯ ಮೇಲೆ ಬಿತ್ತು. ಪಾನನಿರೋಧದ ವೇದಿಕೆಗಳು ಹಿಡಿದುಕೊಂಡದ್ದೂ ಪ್ಯಾಲೆಯನ್ನೇ, ಅವಮಾನವನ್ನಲ್ಲ. ಕನ್ನಡದ ಪಾಡು ಇನ್ನೂ ಬೇರೆ. ಜಿ. ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಕಟ್ಟಿಕೊಟ್ಟ ಎಂಡಕುಡುಕ ರತ್ನನು ಬೆಳೆದ ಗಂಡಸು, ನಂಜಿಯ ಗಂಡ, ಮಾತಿನ ಮಲ್ಲ. ಆ ರತ್ನನ ಪ್ರಭಾವಲಯ ಎಷ್ಟು ದೊಡ್ಡದೆಂದರೆ, ಮಾತು ಸತ್ತ ಎಳೆಯ ಕುಡುಕ ಕನ್ನಡ ಕಾವ್ಯದಲ್ಲಿ ಕಾಣಿಸಿಕೊಳ್ಳಲು ಬಹುಕಾಲ ಬೇಕಾಯಿತು.

ನಿಷೇಧದ ನಡುವೆ ಬೆಳೆದವರು

ರಾಷ್ಟ್ರೀಯ ಚಳವಳಿಯ ಕಾಲದಲ್ಲಿ ಸೆರೆ ಅಂಗಡಿ ರಾಜಕೀಯದ ಕಣವಾಯಿತು. 1921ರ ಜುಲೈ 1ರಂದು ಧಾರವಾಡದಲ್ಲಿ ಸೆರೆ ಅಂಗಡಿಯ ಮುಂದಿನ ಪಿಕೆಟಿಂಗ್ ಗೋಲಿಬಾರಿನಲ್ಲಿ ಕೊನೆಗೊಂಡು ಮೂವರು ಪ್ರಾಣ ತೆತ್ತರು. 1924ರ ಡಿಸೆಂಬರಿನಲ್ಲಿ ಬೆಳಗಾವಿಯ ಟಿಳಕವಾಡಿಯಲ್ಲಿ ಗಾಂಧೀಜಿಯ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದ ಮೇಲೆ ಗಂಗಾಧರರಾವ ದೇಶಪಾಂಡೆ ಮೊದಲಾದವರ ನೇತೃತ್ವದಲ್ಲಿ ರಚನಾತ್ಮಕ ಕಾರ್ಯಕ್ರಮ ಹಳ್ಳಿಗಳಿಗೆ ಹಬ್ಬಿತು. ಪಾನನಿರೋಧ ಅದರ ಅಂಗ. ಸ್ವಾತಂತ್ರ್ಯಾನಂತರ 1949ರ ಮುಂಬಯಿ ಪಾನನಿಷೇಧ ಕಾಯಿದೆಯ ಮೇರೆಗೆ 1950ರಲ್ಲಿ ಮುಂಬಯಿ ರಾಜ್ಯ ಪೂರ್ತಿಯಾಗಿ ಒಣಗಿತು. ಬೆಳಗಾವಿ ಜಿಲ್ಲೆ ಆಗ ಆ ರಾಜ್ಯದಲ್ಲಿತ್ತು. 1956ರ ನವೆಂಬರ್ 1ರಂದು ವಿಶಾಲ ಮೈಸೂರಿಗೆ ಸೇರಿದ ಮೇಲೂ ನಿಷೇಧ ಮುಂದುವರಿಯಿತು. 1961ರಲ್ಲಿ ಮೈಸೂರು ಪಾನನಿಷೇಧ ಕಾಯಿದೆ ಬಂತು. 1967ರಲ್ಲಿ ನಿಷೇಧ ತೆರವಾಗಿ, 1965ರ ಅಬಕಾರಿ ಕಾಯಿದೆ ಜಾರಿಯಾಯಿತು.

ಅಂದರೆ ಸುಮಾರು 1935 ಮತ್ತು 1950ರ ನಡುವೆ ಹುಟ್ಟಿದ ಬೆಳಗಾವಿ–ಖಾನಾಪುರದ ಹುಡುಗರು ತಮ್ಮ ಹರೆಯವನ್ನು ಕಾಗದದ ಮೇಲೆ ಮದ್ಯವೇ ಇಲ್ಲದ ನಾಡಿನಲ್ಲಿ ಕಳೆದರು. ಕಾಗದದ ಮೇಲೆ ಎನ್ನಲು ಕಾರಣವಿದೆ. ಘಟ್ಟದ ಕೆಳಗೆ ಪೋರ್ತುಗೀಜರ ಗೋವೆ 1961ರ ಡಿಸೆಂಬರ್ 19ರವರೆಗೆ ಬೇರೆಯೇ ದೇಶ, ಅಲ್ಲಿ ನಿಷೇಧವಿಲ್ಲ. ಕಾಡುದಾರಿಗಳನ್ನು ಬಲ್ಲವರಿಗೆ ಕಣಕುಂಬಿ, ಚೋರ್ಲಾ, ಅನಮೋಡಗಳ ಮೂಲಕ ಬಾಟಲಿ ಸಾಗಿಸುವುದು ಕೂಲಿಗಿಂತ ಹೆಚ್ಚು ಸಂಪಾದನೆಯ ಕೆಲಸ. ಪಟ್ಟಣದಲ್ಲಿ ಟಿಂಚರು, ಟಾನಿಕ್ಕುಗಳು ಮದ್ಯದ ಬದಲಿಯಾದವು. ಉಳ್ಳವರು ವೈದ್ಯರ ಚೀಟಿಯ ಮೇಲೆ ಪರವಾನಿಗೆ ಪಡೆದರು. ಔಷಧವೆಂಬ ಹೆಸರಿನಲ್ಲಿ ಮದ್ಯವನ್ನು ಪಡೆಯುವ ಈ ಪದ್ಧತಿಯು, ಮದ್ಯವೇ ಒಂದು ಔಷಧ ಎಂಬ ಹಳೆಯ ನಂಬಿಕೆಗೆ ಸರಕಾರಿ ಮೊಹರನ್ನೇ ಒತ್ತಿದಂತಾಯಿತು. ನಿಷೇಧವು ಬಹಿರಂಗದ ಕುಡಿತವನ್ನು ತಗ್ಗಿಸಿದ್ದು ನಿಜ. ಕುಡಿತವನ್ನು ಗುಟ್ಟಿನ, ಒಂಟಿಯ, ಕತ್ತಲಿನ ಕ್ರಿಯೆಯನ್ನಾಗಿಸಿದ್ದೂ ಅಷ್ಟೇ ನಿಜ.

ಮುಂದಿನ ಕಥೆಯನ್ನು ಬೇಗನೆ ಹೇಳಿ ಮುಗಿಸಬಹುದು. ನಿಷೇಧ ತೆಗೆದ ಮೇಲೆ ಸಾರಾಯಿ ಗುತ್ತಿಗೆ, ಆಮೇಲೆ ಪ್ಲಾಸ್ಟಿಕ್ ಪಾಕೀಟಿನ ಸಾರಾಯಿ, ಹಳ್ಳಿ ಹಳ್ಳಿಗಳಲ್ಲಿ ಹೆಂಗಸರ ಪ್ರತಿಭಟನೆ, 2007ರ ಜುಲೈ 1ರಿಂದ ಸಾರಾಯಿ ನಿಷೇಧ, ಅದರ ಜಾಗಕ್ಕೆ ಅಗ್ಗದ ವಿಸ್ಕಿ, ಬ್ರಾಂದಿ. 2020ರ ದಶಕದಲ್ಲಿ ಕರ್ನಾಟಕದ ಅಬಕಾರಿ ಆದಾಯ ವರ್ಷಕ್ಕೆ 20 ಸಾವಿರ ಕೋಟಿ ರೂಪಾಯಿಗಳನ್ನು ದಾಟಿತು. ಕಣಕುಂಬಿಯ ತನಿಖಾಠಾಣೆಯಲ್ಲಿ ಗೋವೆಯ ಅಗ್ಗದ ಮದ್ಯವನ್ನು ಹಿಡಿದ ಸುದ್ದಿ ಪತ್ರಿಕೆಗಳಲ್ಲಿ ಇಂದಿಗೂ ಬರುತ್ತಲೇ ಇದೆ.

ತಾಲೀಮು, ಮಾಳ, ಜೋಳಿಗೆ

ಹಾಗಾದರೆ ಗಂಡುಹುಡುಗನ ಕುಗ್ಗಿದ ಮನಸ್ಸಿಗೆ ಈ ಸಮಾಜ ಏನನ್ನೂ ಕೊಡಲಿಲ್ಲವೇ? ಮಾತನ್ನು ಕೊಡಲಿಲ್ಲ, ಶಿಸ್ತನ್ನು ಕೊಟ್ಟಿತು. ಬೆಳಗಾವಿಯ ಗಲ್ಲಿಗಳ ತಾಲೀಮುಗಳು ಇದಕ್ಕೆ ಉದಾಹರಣೆ. ಕೆಂಪುಮಣ್ಣಿನ ಕುಸ್ತಿಕಣ, ಗೋಡೆಯ ಮೇಲಿನ ಹನುಮಂತ, ಬೆಳಗಿನ ಜಾವದ ಸಾಮು, ಒಬ್ಬ ವಸ್ತಾದ. ಕುಡಿತ ಅಲ್ಲಿ ನಿಷಿದ್ಧ. ವಸ್ತಾದನು ಹುಡುಗನ ಮನಸ್ಸಿನಲ್ಲೇನಿದೆ ಎಂದು ಕೇಳುವವನಲ್ಲ, ಆದರೆ ಹುಡುಗ ನಾಲ್ಕು ದಿನ ಬರದಿದ್ದರೆ ಮನೆಗೆ ಹೇಳಿಕಳಿಸುವವನು. ಒಂಟಿತನವನ್ನು ಹೆಸರಿಸದೆಯೇ ಮುರಿಯುವ ವ್ಯವಸ್ಥೆ ಅದು. ಕಳೆದ ಅರ್ಧ ಶತಮಾನದಲ್ಲಿ ಅಂಥ ತಾಲೀಮುಗಳಲ್ಲಿ ಹಲವು ಬಾಗಿಲು ಹಾಕಿವೆ, ಕೆಲವು ಕನ್ನಡಿಗೋಡೆಯ ವ್ಯಾಯಾಮಶಾಲೆಗಳಾಗಿವೆ.

ಎರಡನೆಯದು ವಾರಕರಿ ಸಂಪ್ರದಾಯದ ಮಾಳ. ಬೆಳಗಾವಿ, ಖಾನಾಪುರಗಳ ಮರಾಠಿ ಹಳ್ಳಿಗಳಿಂದ ಆಷಾಢ ಕಾರ್ತಿಕಗಳಲ್ಲಿ ಪಂಢರಪುರಕ್ಕೆ ದಿಂಡಿಗಳು ಹೊರಡುತ್ತವೆ. ಕೊರಳಿಗೆ ತುಳಸಿಮಾಳ ಬಿದ್ದವನು ಮದ್ಯ, ಮಾಂಸಗಳನ್ನು ಬಿಡಬೇಕು. ಕುಡುಕನಿಗೆ ಮಾಳ ಹಾಕಿಸುವುದು ಈ ಭಾಗದ ಹಳೆಯ ಚಿಕಿತ್ಸೆ. ಇದರ ಬಲವಿರುವುದು ಉಪದೇಶದಲ್ಲಲ್ಲ, ಸಂಗಡಿಗರಲ್ಲಿ. ಏಕಾದಶಿಯ ಭಜನೆ, ದಿಂಡಿಯ ನಡಿಗೆ, ಮಾಳಕರಿಗಳ ನಡುವಿನ ಕಾಲುಮುಟ್ಟುವ ಸಮಾನತೆ ಇವು ಬಿಟ್ಟ ಚಟದ ಜಾಗವನ್ನು ಖಾಲಿ ಉಳಿಸುವುದಿಲ್ಲ. ಈಚಿನ ದಶಕಗಳಲ್ಲಿ ಯುವಕರಲ್ಲಿ ಹಬ್ಬಿರುವ ಅಯ್ಯಪ್ಪನ ಮಾಲೆ 41 ದಿನಗಳದು; 42ನೆಯ ದಿನಕ್ಕೆ ಅದು ಏನನ್ನೂ ಹೇಳುವುದಿಲ್ಲ.

ಮೂರನೆಯದು ಮಹಾಂತ ಜೋಳಿಗೆ. ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು (1930–2018) 1970ರ ದಶಕದಿಂದ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ, ಕಾಳುಕಡಿಯ ಬದಲು ದುಶ್ಚಟವನ್ನು ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ. ಜನಪದ ದೃಷ್ಟಿಯಿಂದ ಇದು ಅಪೂರ್ವ ಕಲ್ಪನೆ: ಕೊಡುವವನು ತಪ್ಪಿತಸ್ಥನಲ್ಲ, ದಾನಿ. ಕುಡುಕನಿಗೆ ಸಮಾಜ ಹಾಗೆ ತಲೆಯೆತ್ತಿ ನಿಲ್ಲಲು ಕೊಟ್ಟ ಸಂದರ್ಭಗಳು ಬಹಳಿಲ್ಲ. ಇದರ ಮಿತಿಯನ್ನೂ ಹೇಳಬೇಕಾಗುತ್ತದೆ. ಜೋಳಿಗೆಗೆ ಬೀಳುವುದು ಬಾಟಲಿ, ಬೀಡಿ, ಗುಟಕಾ. ಅವುಗಳ ಹಿಂದಿನ ಬ್ಯಾಸರ, ಅಂಜಿಕಿಗಳು ಮನೆಯಲ್ಲೇ ಉಳಿಯುತ್ತವೆ. ತಾಲೀಮು, ಮಾಳ, ಜೋಳಿಗೆ ಮೂರರಲ್ಲೂ ಹುಡುಗ ಬಾಯಿಬಿಟ್ಟು ತನ್ನ ಬೇನೆಯನ್ನು ಹೇಳುವ ಒಂದು ಗಳಿಗೆ ಇಲ್ಲ.

ಸಂಶೋಧನೆಗಳ ಸಾಕ್ಷ್ಯ

ಬೇನೆಯನ್ನು ತಗ್ಗಿಸಿಕೊಳ್ಳಲೆಂದೇ ಮನುಷ್ಯ ಅಮಲಿಗೆ ಒಲಿಯುತ್ತಾನೆ ಎಂಬ ಸ್ವಯಂಚಿಕಿತ್ಸೆಯ ಸಿದ್ಧಾಂತವನ್ನು ಅಮೆರಿಕದ ಮನೋವೈದ್ಯ ಎಡ್ವರ್ಡ್ ಖಾಂಟ್ಜಿಯನ್ 1985ರಲ್ಲಿ ಮಂಡಿಸಿದರು. ಅವರ ಆ ಲೇಖನ ಹೆರಾಯಿನ್, ಕೊಕೇನುಗಳನ್ನು ಕುರಿತದ್ದು. ಮದ್ಯಕ್ಕೆ ಅದನ್ನು ವಿಸ್ತರಿಸಿದ್ದು ಆಮೇಲೆ. ಚಿಂತಿ ಮರೆಯಲು ಕುಡಿಯುತ್ತಾನೆ ಎಂಬ ಹಳ್ಳಿಯ ಮಾತಿಗೂ ಈ ಸಿದ್ಧಾಂತಕ್ಕೂ ಇರುವ ಹೋಲಿಕೆ ಎದ್ದುಕಾಣುವಂಥದ್ದು. ಆದರೆ ಹಳ್ಳಿಯ ಮಾತು ನಿಜವೆಂದು ಇಷ್ಟರಿಂದಲೇ ತೀರ್ಮಾನಿಸುವಂತಿಲ್ಲ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನಲ್ಲಿ 1977ರಲ್ಲಿ ಹುಟ್ಟಿದ 1,265 ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನದ ಆಧಾರದ ಮೇಲೆ ಫರ್ಗ್ಯುಸನ್ ಮತ್ತು ಸಂಗಡಿಗರು 2009ರಲ್ಲಿ ಎದುರು ದಿಕ್ಕಿನ ತೀರ್ಮಾನಕ್ಕೆ ಬಂದರು: ಖಿನ್ನತೆಯಿಂದ ಕುಡಿತ ಎನ್ನುವುದಕ್ಕಿಂತ ಕುಡಿತದಿಂದ ಖಿನ್ನತೆ ಎಂಬ ವಿವರಣೆಯೇ ಅವರ ಅಂಕಿಗಳಿಗೆ ಹೆಚ್ಚು ಹೊಂದುತ್ತಿತ್ತು. ಇನ್ನೊಂದೆಡೆ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1990ರ ದಶಕದ ಆರಂಭದಲ್ಲಿ ಹುಟ್ಟಿದವರ ಅಧ್ಯಯನದಲ್ಲಿ 18ನೆಯ ವಯಸ್ಸಿನ ತೀವ್ರ ಕಳವಳಕ್ಕೂ 21ರಲ್ಲಿ ಕಂಡ ಹಾನಿಕರ ಕುಡಿತಕ್ಕೂ ಸಂಬಂಧವಿರುವುದನ್ನು 2019ರಲ್ಲಿ ತೋರಿಸಲಾಯಿತು. ಕಳವಳವುಳ್ಳ ಎಲ್ಲ ಹುಡುಗರೂ ಕುಡುಕರಾಗುವುದಿಲ್ಲ ಎಂಬುದು ಹೇಳದೆಯೇ ತಿಳಿಯತಕ್ಕದ್ದು; ಅಂಜುಬುರುಕ ಹುಡುಗ ಗೆಳೆಯರ ಗುಂಪಿನಿಂದ ದೂರವಿದ್ದು ಕುಡಿತದಿಂದಲೂ ದೂರ ಉಳಿಯುವುದುಂಟು. ಕುಡುಕ ತಂದೆಯ ಮನೆ, ಬಡತನ, ಹೊಡೆತ ಬಡಿತ ಇವು ಮಗನ ಮಂಕಿಗೂ ಅವನ ಕುಡಿತಕ್ಕೂ ಏಕಕಾಲಕ್ಕೆ ಬೇರಾಗಿರಬಹುದು. ಆಗ ಒಂದು ಇನ್ನೊಂದಕ್ಕೆ ಕಾರಣವೆನ್ನುವುದು 1892ರ ಗುಮಾಸ್ತನ ಕೆಲಸವನ್ನೇ ಮತ್ತೆ ಮಾಡಿದಂತೆ.

ಖಾನಾಪುರಕ್ಕೆ ಅತ್ಯಂತ ಸಮೀಪದ ಸಾಕ್ಷ್ಯ ದೊರೆಯುವುದು ಘಟ್ಟದ ಕೆಳಗಿನಿಂದ. ಪಿಳ್ಳೈ, ವಿಕ್ರಮ ಪಟೇಲ್ ಮೊದಲಾದವರು ಗೋವೆಯ ಗಂಡಸರ ಬಗ್ಗೆ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1956–60ರ ನಡುವೆ ಹುಟ್ಟಿದ ಕುಡಿಯುವವರಲ್ಲಿ ಹದಿಹರೆಯದಲ್ಲೇ ಆರಂಭಿಸಿದವರು ಸುಮಾರು ಶೇ. 20, 1981–85ರ ನಡುವೆ ಹುಟ್ಟಿದವರಲ್ಲಿ ಆ ಪ್ರಮಾಣ ಶೇ. 74ರಷ್ಟು. ಹದಿಹರೆಯದಲ್ಲಿ ಆರಂಭಿಸಿದವರಲ್ಲಿ ಮುಂದೆ ಮದ್ಯದ ಅವಲಂಬನೆಯೂ ಮನೋಕ್ಲೇಶವೂ ಹೆಚ್ಚಾಗಿ ಕಂಡವು. ಒಂದೇ ತಲೆಮಾರಿನಲ್ಲಿ ಆದ ಈ ಪಲ್ಲಟ ಗಾಬರಿ ಹುಟ್ಟಿಸುವಂಥದ್ದು. ದೇಶಮಟ್ಟದಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015–16ರ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17ರ ವಯಸ್ಸಿನವರ ಪೈಕಿ ಶೇ. 7.3ರಷ್ಟು ಜನರಲ್ಲಿ ಮಾನಸಿಕ ತೊಂದರೆಗಳು ಕಂಡವು. ವಯಸ್ಕರಲ್ಲಿ ಮದ್ಯಸೇವನೆಯ ತೊಂದರೆ ಶೇ. 4.6, ಅಂಥವರ ಪೈಕಿ ಚಿಕಿತ್ಸೆ ದೊರೆಯದವರು ಶೇ. 86ರಷ್ಟು. ಆ 12 ರಾಜ್ಯಗಳಲ್ಲಿ ಕರ್ನಾಟಕವಿರಲಿಲ್ಲ.

ಈ ಸಂಖ್ಯೆಗಳನ್ನು ಓದುವಾಗ ಹೆಣ್ಣುಮಕ್ಕಳನ್ನು ಮರೆಯುವಂತಿಲ್ಲ. ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿತು. ಅದರಿಂದ ಉಳಿದ ದಣಿವಿನ ಬಗ್ಗೆ ಯಾರೂ ಹಳಹಳಿಸಬೇಕಾಗಿಲ್ಲ. ಆದರೆ ಕಲ್ಲಿನ ಜೊತೆಗೆ ಹಾಡೂ ಹೋಯಿತು, ಗಾಳಿ ಸೋಂಕಿನ ಮೇಲಿನ ನಂಬಿಕೆಯೂ ಸಡಿಲಿತು. ಖಾನಾಪುರದಿಂದ ಬೆಳಗ್ಗೆಯ ಬಸ್ಸಿನಲ್ಲಿ ಬೆಳಗಾವಿಯ ಕಾಲೇಜಿಗೆ ಹೋಗುವ ಹುಡುಗಿಗೆ ಈಗ ಅವಳ ಅಜ್ಜಿಗಿದ್ದ ಮಾತೂ ಇಲ್ಲ, ಅವಳ ಅಣ್ಣನಿಗಿಲ್ಲದ ಮಾತೂ ಇಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ವಾರದಲ್ಲಿ ಇಬ್ಬರೂ ಒಂದೇ ಮೌನದಲ್ಲಿ ಕೂಡುತ್ತಾರೆ.

ಮೌನವನ್ನು ಮುರಿಯುವ ಒಂದು ಪ್ರಯತ್ನ ಹತ್ತಿರದಲ್ಲೇ ನಡೆದಿದೆ. ಗೋವೆಯ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಂಗಾತ್ ಸಂಸ್ಥೆಯು ವೈದ್ಯರಲ್ಲದ, ಸ್ಥಳೀಯ ನುಡಿ ಬಲ್ಲ ಸಾಮಾನ್ಯ ಆಪ್ತಸಲಹೆಗಾರರಿಗೆ ತರಬೇತಿ ಕೊಟ್ಟು, ಅವರನ್ನು ಖಿನ್ನತೆಯುಳ್ಳವರ ಜೊತೆಗೂ ಹಾನಿಕರವಾಗಿ ಕುಡಿಯುವ ಗಂಡಸರ ಜೊತೆಗೂ ಕೆಲವು ಭೇಟಿಗಳಲ್ಲಿ ಮಾತನಾಡಲು ಕೂಡ್ರಿಸಿತು. ಎರಡೂ ಪ್ರಯೋಗಗಳ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹಾಗೆ ಮಾತನಾಡಿಸಿದವರಲ್ಲಿ ಖಿನ್ನತೆ ತಗ್ಗಿತ್ತು, ಕುಡಿತದಿಂದ ದೂರ ಉಳಿದವರು ಹೆಚ್ಚಿದ್ದರು. ಭಾಗವಹಿಸಿದವರೆಲ್ಲ ವಯಸ್ಕರು, ಹುಡುಗರಲ್ಲ. ಆ ಸಲಹೆಗಾರರು ಚಿಂತೆ, ಎದೆಬಡಿತ, ನಿದ್ದೆಗೇಡುಗಳ ಬಗ್ಗೆ ಕೇಳಿದ ಕೊಂಕಣಿ ಮರಾಠಿಗಳು ಚೋರ್ಲಾ ಘಟ್ಟ ಹತ್ತಿದರೆ ಕಣಕುಂಬಿಯ ಮನೆಗಳಲ್ಲಿಯೂ ಆಡುವ ನುಡಿಗಳೇ.